ತೊಗರಿಯ ನೆಟೆ ರೋಗ ಮತ್ತು ಒಂದು ಕೆಜಿ ಟ್ರೈಕೋಡರ್ಮಾ

ಕಲಬುರಗಿ ಸೀಮೆಯ ಗೊಬ್ಬರದ ಅಂಗಡಿಗಳಲ್ಲಿ ಗಿಡವನ್ನು ಬಾಡಿಸಿ ಒಣಗಿಸುವ ನೆಟೆ ರೋಗಕ್ಕೆಂದು ಟ್ರೈಕೋಡರ್ಮಾ ಎಂಬ ಜೈವಿಕ ಪುಡಿಯನ್ನು ಜನ ಹುಡುಕಿಕೊಂಡು ಬರುವುದು ಹೆಚ್ಚಾಗಿ ತೊಗರಿ ಹೂ ಬಿಟ್ಟ ಮೇಲೆ, ಹೊಲದ ನಡುವೆ ಅಲ್ಲಲ್ಲಿ ಗಿಡಗಳು ಬಾಡತೊಡಗಿದಾಗ. ಅಂಗಡಿಯವರು ಪೊಟ್ಟಣ ಕೊಟ್ಟು, ನೀರಿನಲ್ಲಿ ಕಲಸಿ ಬುಡಕ್ಕೆ ಸುರಿಯಿರಿ ಎಂದು ಹೇಳಿ ಕಳಿಸುತ್ತಾರೆ. ಕೆಲವೇ ದಿನಗಳಲ್ಲಿ ಆ ಗಿಡಗಳು ಪೂರ್ತಿ ಒಣಗಿ ನಿಲ್ಲುತ್ತವೆ, ಪುಡಿ ಬರೀ ಸುಣ್ಣದ ಹಿಟ್ಟು ಎಂಬ ಮಾತು ಊರಲ್ಲಿ ಉಳಿದುಬಿಡುತ್ತದೆ. ಎರೆಭೂಮಿಯ ಮಳೆಯಾಶ್ರಿತ ಹೊಲದಲ್ಲಿ ಕೆಲವು ಹಂಗಾಮುಗಳಿಂದ ಈ ಪುಡಿಯನ್ನು ಬಳಸುತ್ತಾ ಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪದಾರ್ಥ ಒಳ್ಳೆಯದು, ಆದರೆ ಅದು ಮಾರಾಟವಾಗುತ್ತಿರುವ ತಿಂಗಳು ತಪ್ಪು. ಜೂನ್‌ನಲ್ಲಿ ಹೊಲಕ್ಕೆ ಹೋಗಬೇಕಾದದ್ದು ಅಕ್ಟೋಬರ್‌ನಲ್ಲಿ ಹೋದರೆ ಕೊಟ್ಟ ಹಣಕ್ಕೆ ಏನೂ ಸಿಗುವುದಿಲ್ಲ. ಏಕೆ ಹೀಗೆ ಎಂಬುದು ತಿಳಿಯಬೇಕಾದರೆ ಪುಡಿಗಿಂತ ಮೊದಲು ರೋಗವನ್ನು ನೋಡಬೇಕಾಗುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಪೊಟ್ಟಣದಷ್ಟೇ ಜಾಗವನ್ನು ರೋಗಕ್ಕೂ ಕೊಟ್ಟಿದ್ದೇನೆ.

ಪೊಟ್ಟಣದಲ್ಲಿ ಏನಿದೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಟ್ರೈಕೋಡರ್ಮಾ ಎಂಬುದು ಮಣ್ಣಿನಲ್ಲಿ ಸಹಜವಾಗಿಯೇ ಇರುವ ಒಂದು ಶಿಲೀಂಧ್ರ. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಅದರ ಹಸಿರು ಬೀಜಕಣಗಳನ್ನು ಟಾಲ್ಕ್ ಪುಡಿಯೊಂದಿಗೆ ಬೆರೆಸಿ, ಒಣಗಿಸಿ ಪೊಟ್ಟಣ ಕಟ್ಟುತ್ತಾರೆ. ಬಣ್ಣ ತೆಳು ಹಸಿರು ಅಥವಾ ಬೂದು ಬಿಳಿ. ಮೂಸಿದರೆ ಮಳೆಗಾಲದ ಮಣ್ಣಿನಂಥ ಸಣ್ಣ ವಾಸನೆ ಇರುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವುದು ಟ್ರೈಕೋಡರ್ಮಾ ವಿರಿಡೆ ಅಥವಾ ಟ್ರೈಕೋಡರ್ಮಾ ಹಾರ್ಜಿಯಾನಮ್, ನೀರಿನಲ್ಲಿ ಕಲಸಿ ಬಳಸಬಹುದಾದ ಶೇ 1ರ ಪುಡಿಯ ರೂಪದಲ್ಲಿ. ವಿರಿಡೆ ಎಂಬ ಹೆಸರಿನಲ್ಲಿ ದೇಶದಲ್ಲಿ ಮಾರಾಟವಾಗುವ ಕೆಲವು ತಳಿಗಳು ಡಿಎನ್‌ಎ ಪರೀಕ್ಷೆಯ ನಂತರ ಆಸ್ಪೆರೆಲ್ಲಮ್ ಎಂಬ ಬೇರೆ ಪ್ರಭೇದಕ್ಕೆ ಸೇರಿದವು ಎಂದು ತಿಳಿದುಬಂದಿದೆ, ಆದರೆ ಕೊಳ್ಳುವ ರೈತನಿಗೆ ಇದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ವ್ಯತ್ಯಾಸವಾಗುವುದು ಪುಡಿಯಲ್ಲಿ ಜೀವಂತ ಕಣಗಳು ಎಷ್ಟಿವೆ ಎಂಬುದರಿಂದ. ಕೇಂದ್ರ ಕೀಟನಾಶಕ ಮಂಡಳಿಯ ಮಾನದಂಡದಂತೆ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು, ತೇವಾಂಶ ಶೇ 8ನ್ನು ಮೀರಬಾರದು.

ಇನ್ನು ರೋಗದ ಮಾತು. ತೊಗರಿಯ ನೆಟೆ ರೋಗಕ್ಕೆ ಕಾರಣವಾದ ಫ್ಯುಸೇರಿಯಮ್ ಉಡಮ್ ಎಂಬ ಶಿಲೀಂಧ್ರವನ್ನು ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಎಡ್ವಿನ್ ಜಾನ್ ಬಟ್ಲರ್ 1910ರಲ್ಲಿ ವಿವರಿಸಿದರು. ಅಂದರೆ ಶತ್ರುವಿನ ಗುರುತು ಸಿಕ್ಕು ನೂರು ವರ್ಷಗಳ ಮೇಲಾಯಿತು. ಆದರೂ 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ಹೊಲಗಳಲ್ಲಿ ನೆಟೆ ವ್ಯಾಪಕವಾಗಿ ಹಬ್ಬಿ, ನಿಂತ ಬೆಳೆ ನಿಂತಲ್ಲೇ ಒಣಗಿ, ಪರಿಹಾರಕ್ಕಾಗಿ ರೈತರು ಬೀದಿಗಿಳಿಯುವಂತಾಯಿತು. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಮಟ್ಟಿಗೆ ಕಾಯಿಕೊರಕದಷ್ಟೇ ದೊಡ್ಡ ಹಗೆ ಇದು. ಕಾಯಿಕೊರಕ ಕಣ್ಣಿಗೆ ಕಾಣುತ್ತದೆ, ಔಷಧಿ ಹೊಡೆದರೆ ಸಾಯುತ್ತದೆ. ನೆಟೆಯ ಶಿಲೀಂಧ್ರ ಕಣ್ಣಿಗೆ ಕಾಣುವ ಹೊತ್ತಿಗೆ ತನ್ನ ಕೆಲಸವನ್ನು ಮುಗಿಸಿರುತ್ತದೆ.

ಈ ಶಿಲೀಂಧ್ರ ಕೊಯ್ಲಿನ ನಂತರ ಹೊಲದಲ್ಲಿ ಉಳಿಯುವ ರೋಗಪೀಡಿತ ಕೂಳೆ ಮತ್ತು ಬೇರಿನ ತುಂಡುಗಳಲ್ಲಿ ಬದುಕುತ್ತದೆ. ಅಂಥ ಉಳಿಕೆಗಳಲ್ಲಿ ಅದು ಮೂರು ವರ್ಷಗಳವರೆಗೆ ಜೀವಂತವಾಗಿರಬಲ್ಲದು. ಆಹಾರವಿಲ್ಲದ ಕಾಲವನ್ನು ದಾಟಲು ಅದು ದಪ್ಪ ಗೋಡೆಯ ಸುಪ್ತ ಬೀಜಕಣಗಳನ್ನು ಕಟ್ಟಿಕೊಳ್ಳುತ್ತದೆ. ಬೇಸಿಗೆಯ ಬಿಸಿಲು, ಬರ, ಮೇಲ್ಮೈಯ ಉಳುಮೆ ಇವುಗಳಿಗೆ ಆ ಕಣಗಳು ಸುಲಭಕ್ಕೆ ಜಗ್ಗುವುದಿಲ್ಲ. ಮುಂಗಾರಿನಲ್ಲಿ ತೊಗರಿ ಮೊಳೆತು, ಎಳೆಯ ಬೇರು ಸುತ್ತಲಿನ ಮಣ್ಣಿಗೆ ಸಕ್ಕರೆ ಮತ್ತು ಅಮೈನೋ ಆಮ್ಲಗಳನ್ನು ಸ್ರವಿಸತೊಡಗಿದಾಗ ಹತ್ತಿರದಲ್ಲಿರುವ ಸುಪ್ತ ಕಣಗಳು ಆ ಸ್ರಾವಕ್ಕೆ ಎಚ್ಚರಗೊಂಡು ಮೊಳೆಯುತ್ತವೆ. ಅವುಗಳಿಂದ ಹೊರಟ ಎಳೆಗಳು ಬೇರಿನ ತುದಿಯಿಂದ, ಪಕ್ಕದ ಬೇರು ಹೊರಬರುವಾಗ ಉಂಟಾಗುವ ಸಣ್ಣ ಬಿರುಕುಗಳಿಂದ, ಇಲ್ಲವೇ ಗಾಯಗಳಿಂದ ಒಳನುಗ್ಗುತ್ತವೆ. ಗಾಯ ಎಂದರೆ ಎಡೆಕುಂಟೆಯ ತಾಳು ತಾಗಿ ಕತ್ತರಿಸಿದ ಬೇರು ಇರಬಹುದು, ಎರೆಭೂಮಿ ಬಿರಿದಾಗ ಹರಿದ ಬೇರು ಇರಬಹುದು, ತೊಗರಿಯ ಬೇರನ್ನೇ ಆಶ್ರಯಿಸುವ ಹೆಟೆರೋಡೆರಾ ಕಜಾನಿ ಎಂಬ ಜಂತುಹುಳು ಕೊರೆದ ರಂಧ್ರವೂ ಇರಬಹುದು. ಈ ಜಂತುಹುಳು ಇರುವ ಹೊಲದಲ್ಲಿ ನೆಟೆ ಹೆಚ್ಚು ಉಗ್ರವಾಗುತ್ತದೆ ಎಂಬುದು ಪ್ರಯೋಗಗಳಲ್ಲಿ ಖಚಿತಪಟ್ಟಿದೆ.

ಒಳನುಗ್ಗಿದ ಎಳೆ ಬೇರಿನ ತೊಗಟೆಯ ಜೀವಕೋಶಗಳ ನಡುವೆ ದಾರಿ ಮಾಡಿಕೊಂಡು ಗಿಡದ ನೀರಿನ ನಾಳಗಳನ್ನು ತಲುಪುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಬೆಳೆದೇ ಮೇಲೇರಬೇಕಾದ ಅಗತ್ಯವಿಲ್ಲ. ನಾಳದೊಳಗೆ ಅದು ಬಿಡುವ ಸೂಕ್ಷ್ಮ ಬೀಜಕಣಗಳನ್ನು ಗಿಡ ಹೀರುವ ನೀರೇ ಮೇಲಕ್ಕೆ ಹೊತ್ತೊಯ್ಯುತ್ತದೆ, ಅವು ತಂಗಿದಲ್ಲಿ ಮತ್ತೆ ಮೊಳೆಯುತ್ತವೆ. ಇತ್ತ ಗಿಡವೂ ಸುಮ್ಮನಿರುವುದಿಲ್ಲ: ಆಕ್ರಮಣವನ್ನು ತಡೆಯಲು ನಾಳಗಳೊಳಗೆ ಅಂಟನ್ನು ಸುರಿಸುತ್ತದೆ, ಪಕ್ಕದ ಜೀವಕೋಶಗಳು ನಾಳದೊಳಕ್ಕೆ ಉಬ್ಬಿ ದಾರಿ ಮುಚ್ಚುತ್ತವೆ. ಶಿಲೀಂಧ್ರದ ಎಳೆ, ಅದರ ಕಣ, ಗಿಡದ ಅಂಟು ಎಲ್ಲ ಸೇರಿ ನಾಳ ಕಟ್ಟಿಹೋಗುತ್ತದೆ. ಅಂದರೆ ಗಿಡ ಬಾಡುವುದರಲ್ಲಿ ಗಿಡದ ಸ್ವಂತ ರಕ್ಷಣೆಯ ಪಾಲೂ ಇದೆ. ನೆಲದಲ್ಲಿ ಹಸಿ ಇದ್ದರೂ ಎಲೆಗೆ ನೀರು ಮುಟ್ಟುವುದಿಲ್ಲ. ಎಲೆ ಹಳದಿಯಾಗಿ ಜೋಲುತ್ತದೆ, ಗಿಡ ಒಣಗುತ್ತದೆ. ಹಸಿ ನೆಲದಲ್ಲಿ ಬಾಡಿದ ಗಿಡವನ್ನು ಕಂಡು ನೀರು ಕಡಿಮೆಯಾಯಿತೆಂದು ಸ್ಪ್ರಿಂಕ್ಲರ್ ಹಚ್ಚಿದವರನ್ನು ನೋಡಿದ್ದೇನೆ, ಅದರಿಂದ ಲಾಭವಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಕಾಲದ್ದು. ಸೋಂಕು ತಗಲುವುದು ಗಿಡ ಎಳೆಯದಾಗಿದ್ದಾಗಲೇ ಆಗಿರಬಹುದು, ಆದರೆ ಲಕ್ಷಣ ಎದ್ದು ಕಾಣುವುದು ಹೂ ಮತ್ತು ಕಾಯಿಯ ಹಂತದಲ್ಲಿ. ಕಾಯಿಗೆ ನೀರು ಬೇಡಿಕೆ ಹೆಚ್ಚಿದಾಗ ಅರ್ಧ ಕಟ್ಟಿದ ನಾಳ ಸಾಲದಾಗುತ್ತದೆ. ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನವೊಂದರ ಪ್ರಕಾರ ಕಾಯಿ ಕಟ್ಟುವ ಮೊದಲೇ ಗಿಡ ನೆಟೆಗೆ ಸಿಕ್ಕರೆ ಆ ಗಿಡದ ಇಳುವರಿ ಪೂರ್ತಿಯಾಗಿ ಹೋಗುತ್ತದೆ, ಕಾಯಿ ಬಲಿಯುವ ಹೊತ್ತಿಗೆ ಸಿಕ್ಕರೆ ಸುಮಾರು ಶೇ 67ರಷ್ಟು, ಕೊಯ್ಲಿನ ಹೊಸ್ತಿಲಲ್ಲಿ ಸಿಕ್ಕರೆ ಸುಮಾರು ಶೇ 30ರಷ್ಟು ನಷ್ಟವಾಗುತ್ತದೆ. ಬಾಡಿದ ಗಿಡದ ನಾಳದೊಳಗೆ ಕುಳಿತಿರುವ ಶಿಲೀಂಧ್ರವನ್ನು ಹೊರಗಿನ ಮಣ್ಣಿಗೆ ಹಾಕಿದ ಯಾವ ಪುಡಿಯೂ ಮುಟ್ಟಲಾರದು. ಟ್ರೈಕೋಡರ್ಮಾ ಕೆಲಸ ಮಾಡುವುದು ಮಣ್ಣಿನಲ್ಲಿ ಮತ್ತು ಬೇರಿನ ಮೇಲ್ಮೈಯಲ್ಲಿ. ಶತ್ರು ಬೇರಿನೊಳಕ್ಕೆ ಹೋದ ಮೇಲೆ ಅದರ ಕೈಗೆ ಸಿಗುವುದಿಲ್ಲ.

ಪುಡಿ ಕೊಳ್ಳುವ ಮೊದಲು ಹೊಲದಲ್ಲಿರುವುದು ನಿಜವಾಗಿಯೂ ಫ್ಯುಸೇರಿಯಮ್ ನೆಟೆಯೇ ಎಂದು ನೋಡಿಕೊಳ್ಳುವುದು ಒಳಿತು, ಏಕೆಂದರೆ ಒಣಗಿದ ಗಿಡಗಳನ್ನೆಲ್ಲ ನಮ್ಮಲ್ಲಿ ನೆಟೆ ಎಂದೇ ಕರೆಯುವ ರೂಢಿಯಿದೆ. ಫ್ಯುಸೇರಿಯಮ್ ತಗಲಿದ ಗಿಡದ ಬೇರು ಹೊರಗಿನಿಂದ ಸಾಕಷ್ಟು ಆರೋಗ್ಯವಾಗಿಯೇ ಕಾಣುತ್ತದೆ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಮಿಶ್ರಿತ ಕಂದು ಪಟ್ಟೆಯೊಂದು ಏರಿರುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ತೊಗಟೆಯ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೇ ಕವಲಿನ ಬೇರಿಗೆ ಸೋಂಕು ತಗಲಿದ್ದರೆ ಗಿಡದ ಒಂದು ಮಗ್ಗುಲು ಒಣಗಿ ಇನ್ನೊಂದು ಮಗ್ಗುಲು ಹಸಿರಾಗಿರುವುದೂ ಉಂಟು. ಮ್ಯಾಕ್ರೋಫೋಮಿನಾ ಎಂಬ ಶಿಲೀಂಧ್ರದಿಂದ ಬರುವ ಒಣ ಬೇರು ಕೊಳೆ ಇದಕ್ಕಿಂತ ಬೇರೆ: ಮಳೆ ಕೈಕೊಟ್ಟು ಬಿಸಿಲೇರಿದಾಗ ಬರುತ್ತದೆ, ಕಿತ್ತರೆ ಬೇರು ಪಟ್ಟನೆ ಮುರಿಯುತ್ತದೆ, ತೊಗಟೆ ಸುಲಿದು ಬರುತ್ತದೆ, ಒಳಗೆ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ನೀರು ನಿಂತ ತಗ್ಗಿನಲ್ಲಿ ಎಳೆಯ ಗಿಡಗಳ ಕಾಂಡದ ಮೇಲೆ ಕಂದು ಮಚ್ಚೆ ಕಾಣಿಸಿ ಗಿಡ ಅಲ್ಲೇ ಬಾಗಿ ಮುರಿದರೆ ಅದು ಫೈಟಾಫ್ತೊರಾ ಎಂಬ ಜೀವಿ ತರುವ ಅಂಗಮಾರಿ. ಆ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ, ಅದಕ್ಕೆ ನೀರು ಬಸಿದುಹೋಗುವ ವ್ಯವಸ್ಥೆ ಮತ್ತು ಬೇರೆಯದೇ ಔಷಧಿ ಬೇಕು. ಗಿಡ ಸೊಂಪಾಗಿ ಹಸಿರಾಗಿದ್ದು ಹೂವೇ ಬಿಡದಿದ್ದರೆ ಅದು ನುಸಿಯಿಂದ ಹರಡುವ ನಂಜುರೋಗವಾದ ಗೊಡ್ಡು ರೋಗ, ಅದಕ್ಕೂ ಈ ಪುಡಿಗೂ ಸಂಬಂಧವಿಲ್ಲ. ಒಂದು ಕುಡುಗೋಲಿನಿಂದ ನಾಲ್ಕು ಗಿಡಗಳನ್ನು ಸೀಳಿ ನೋಡುವಷ್ಟು ವ್ಯವಧಾನವಿದ್ದರೆ ಎಷ್ಟೋ ಜನರ ಹಣ ಉಳಿಯುತ್ತದೆ.

ಟ್ರೈಕೋಡರ್ಮಾ ಹೇಗೆ ಕೆಲಸ ಮಾಡುತ್ತದೆ ಎಂಬುದು ಊಹೆಯ ಮಾತಲ್ಲ. 1932ರಲ್ಲಿ ರಿಚರ್ಡ್ ವೈಂಡ್ಲಿಂಗ್ ಅದು ಮಣ್ಣಿನ ಇತರ ಶಿಲೀಂಧ್ರಗಳ ಮೇಲೆ ಪರಾವಲಂಬಿಯಾಗಿ ಬದುಕಬಲ್ಲದು ಎಂಬುದನ್ನು ತೋರಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಎಳೆ ರೋಗಕಾರಕದ ಎಳೆಯನ್ನು ಹಂಬಿನಂತೆ ಸುತ್ತಿಕೊಂಡಿರುವುದು ಕಾಣುತ್ತದೆ. ಸುತ್ತಿಕೊಂಡ ನಂತರ ಕೈಟಿನೇಸ್, ಗ್ಲುಕನೇಸ್ ಎಂಬ ಕಿಣ್ವಗಳಿಂದ ಶತ್ರುವಿನ ಗೋಡೆಯನ್ನು ಕರಗಿಸಿ ಒಳಗಿನ ಸಾರವನ್ನು ಹೀರುತ್ತದೆ. ಆದರೆ ಹೊಲದ ಮಟ್ಟಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದರ ಪೈಪೋಟಿಯ ಗುಣವೆಂದು ನನಗೆ ತೋರುತ್ತದೆ. ಬಲು ಬೇಗ ಬೆಳೆಯುವ ಈ ಶಿಲೀಂಧ್ರ ಬೇರಿನ ಮೇಲ್ಮೈಯನ್ನು ಮೊದಲೇ ಆಕ್ರಮಿಸಿಕೊಂಡರೆ, ಬೇರು ಸ್ರವಿಸುವ ಆಹಾರ ಫ್ಯುಸೇರಿಯಮ್‌ಗೆ ದಕ್ಕುವುದು ಕಡಿಮೆಯಾಗುತ್ತದೆ. ಬೇರಿನೊಂದಿಗೆ ನೆಲೆಸಿದಾಗ ಗಿಡದ ಸ್ವಂತ ರೋಗನಿರೋಧಕ ಪ್ರತಿಕ್ರಿಯೆಯನ್ನೂ ಅದು ಚುರುಕುಗೊಳಿಸುತ್ತದೆ. ಈ ಮೂರು ಕೆಲಸಗಳಿಗೂ ಒಂದೇ ಷರತ್ತು: ಫ್ಯುಸೇರಿಯಮ್‌ಗಿಂತ ಮೊದಲು ಬೇರಿನ ಬಳಿ ತಲುಪಿರಬೇಕು, ಅಲ್ಲಿ ಬದುಕಿರಬೇಕು.

ಬದುಕಿರುವ ಪ್ರಶ್ನೆಯೇ ನಮ್ಮ ಭಾಗದಲ್ಲಿ ದೊಡ್ಡದು. ಟ್ರೈಕೋಡರ್ಮಾಕ್ಕೆ ಹಿಡಿಸುವುದು ಸ್ವಲ್ಪ ಹುಳಿ ಮಣ್ಣು, ಹದವಾದ ತೇವ ಮತ್ತು ಸಾಕಷ್ಟು ಸಾವಯವ ಅಂಶ. ನಮ್ಮ ಎರೆಭೂಮಿ ಸುಣ್ಣದ ಅಂಶ ಹೆಚ್ಚಿರುವ ಕ್ಷಾರದ ನೆಲ. ರಸಸಾರ (pH) 8ರ ಆಸುಪಾಸಿನಲ್ಲಿ ಇರುವುದು ಸಾಮಾನ್ಯ. ಸಾವಯವ ಇಂಗಾಲ ಕಡಿಮೆ, ಮಳೆ ಒಂದು ವಾರ ಬಂದರೆ ಮೂರು ವಾರ ಇಲ್ಲ. ಇಂಥ ನೆಲಕ್ಕೆ ಒಣ ಪುಡಿಯನ್ನು ಬರಿಗೈಯಲ್ಲಿ ಎರಚಿದರೆ ಅದರಲ್ಲಿ ಎಷ್ಟು ಕಣಗಳು ಉಳಿದಾವು ಎಂಬುದನ್ನು ಯಾರೂ ಊಹಿಸಬಹುದು. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ, ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕಬೇಕೆಂಬ ಸಾಲು ಇಡೀ ಪೊಟ್ಟಣದಲ್ಲಿ ಅತ್ಯಂತ ಮುಖ್ಯವಾದ ಸಾಲು ಎಂದು ನಾನು ಭಾವಿಸುತ್ತೇನೆ. ಅದನ್ನು ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಹಾಕದಿರುವುದು ಈ ಉತ್ಪನ್ನವನ್ನು ಮಾರುವ ಎಲ್ಲರ ಸಾಮಾನ್ಯ ಲೋಪ. ಮುಂಭಾಗದಲ್ಲಿ ನಳನಳಿಸುವ ಗಿಡದ ಚಿತ್ರವಿರುತ್ತದೆ, ಅದೂ ಎಷ್ಟೋ ಸಲ ತೊಗರಿಯದಲ್ಲ, ಟೊಮ್ಯಾಟೊದ್ದು.

ನಾನು ಅನುಸರಿಸುವ ಕ್ರಮ ಕೃಷಿ ವಿಜ್ಞಾನ ಕೇಂದ್ರದವರು ಹೇಳಿಕೊಟ್ಟದ್ದೇ. ಮುಂಗಾರಿಗೆ ಎರಡು ಮೂರು ವಾರ ಮೊದಲು, ಎಕರೆಗೆ ಒಂದು ಕೆಜಿಯಂತೆ ಪುಡಿಯನ್ನು ಸುಮಾರು 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಪದರ ಪದರವಾಗಿ ಉದುರಿಸಿ, ಜೊತೆಗೆ ಹತ್ತು ಕೆಜಿಯಷ್ಟು ಬೇವಿನ ಹಿಂಡಿಯ ಪುಡಿ ಸೇರಿಸಿ, ನೆರಳಿನಲ್ಲಿ ಗುಡ್ಡೆ ಹಾಕಿ, ಮುಷ್ಟಿ ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, ಗೋಣಿ ತಟ್ಟು ಮುಚ್ಚುವುದು. ವಾರಕ್ಕೊಮ್ಮೆ ಗುಡ್ಡೆಯನ್ನು ತಿರುವಿ ಹಾಕಿ ಮತ್ತೆ ನೀರು ಚಿಮುಕಿಸಬೇಕು. ಎರಡು ವಾರಗಳ ಹೊತ್ತಿಗೆ ಗೊಬ್ಬರದ ಮೇಲೆ ಬಿಳಿ ನೂಲಿನಂಥ ಬೆಳವಣಿಗೆ, ಅದರ ನಡುವೆ ಹಸಿರು ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಪುಡಿಗೆ ಜೀವವಿದೆಯೇ ಎಂಬುದನ್ನು ರೈತ ತನ್ನ ಅಂಗಳದಲ್ಲಿ ನೋಡಬಹುದಾದ ನಂಬಲರ್ಹ ಗುರುತು ಇದೊಂದೇ. ಬ್ರೆಡ್ಡಿನ ಮೇಲೋ ಬೇಯಿಸಿದ ಅನ್ನದ ಮೇಲೋ ಪುಡಿ ಉದುರಿಸಿ ಹಸಿರು ಬಂದರೆ ಅಸಲಿ ಎಂದು ಹೇಳುವ ವಿಡಿಯೋಗಳು ಓಡಾಡುತ್ತಿವೆ. ಪುಡಿ ಹಾಕದಿದ್ದರೂ ಹಳಸಿದ ಬ್ರೆಡ್ಡಿನ ಮೇಲೆ ಹಸಿರು ಬೂಷ್ಟು ಬರುತ್ತದೆಯಾದ್ದರಿಂದ ಆ ಪರೀಕ್ಷೆಗೆ ಬೆಲೆಯಿಲ್ಲ. ಹೀಗೆ ಬೆಳೆಸಿದ ಗೊಬ್ಬರವನ್ನು ನೆಲದಲ್ಲಿ ಹಸಿ ಇರುವಾಗ, ಬಿತ್ತುವ ಸಾಲಿಗೆ ಬೀಳುವಂತೆ ಹಾಕಿ ಆ ದಿನವೇ ಮಣ್ಣಿನಲ್ಲಿ ಮುಚ್ಚಬೇಕು. ಬಿಸಿಲಿಗೆ ಬಿಟ್ಟರೆ ಎರಡು ವಾರಗಳ ದುಡಿಮೆ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ.

ಬೀಜೋಪಚಾರ ಇನ್ನೂ ಸುಲಭ, ಇನ್ನೂ ಅಗ್ಗ. ಒಂದು ಕೆಜಿ ಬೀಜಕ್ಕೆ 4 ಗ್ರಾಂ ಪುಡಿ ಸಾಕು. ಎಕರೆಗೆ ಐದು ಕೆಜಿ ತೊಗರಿ ಬಿತ್ತುವವರಿಗೆ ಬೇಕಾಗುವುದು 20 ಗ್ರಾಂ ಮಾತ್ರ. ಬೀಜಕ್ಕೆ ತೆಳುವಾದ ಬೆಲ್ಲದ ನೀರು ಚಿಮುಕಿಸಿ, ಪುಡಿ ಹಚ್ಚಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತುವುದು. ರೈಜೋಬಿಯಮ್ ಮತ್ತು ರಂಜಕ ಕರಗಿಸುವ ಜೀವಾಣು ಗೊಬ್ಬರಗಳನ್ನು ಇದರ ಜೊತೆಗೇ ಹಚ್ಚಬಹುದು. ಹಚ್ಚಬಾರದ್ದು ಕಾರ್ಬೆಂಡಾಜಿಮ್. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ: ಕೆಲವು ಅಂಗಡಿಗಳಲ್ಲಿ ಬೀಜದೊಂದಿಗೆ ಕಾರ್ಬೆಂಡಾಜಿಮ್ ಮತ್ತು ಟ್ರೈಕೋಡರ್ಮಾ ಎರಡನ್ನೂ ಒಟ್ಟಿಗೆ ಕಟ್ಟಿಕೊಟ್ಟು, ಎರಡನ್ನೂ ಹಚ್ಚಿದರೆ ದುಪ್ಪಟ್ಟು ರಕ್ಷಣೆ ಎನ್ನುತ್ತಾರೆ. ಕಾರ್ಬೆಂಡಾಜಿಮ್ ಶಿಲೀಂಧ್ರನಾಶಕ, ಟ್ರೈಕೋಡರ್ಮಾ ಶಿಲೀಂಧ್ರ. ಮೊದಲನೆಯದು ಫ್ಯುಸೇರಿಯಮ್ ಅನ್ನು ಕೊಲ್ಲುವಷ್ಟೇ ಸಲೀಸಾಗಿ ಎರಡನೆಯದನ್ನೂ ಕೊಲ್ಲುತ್ತದೆ. ಥೈರಮ್‌ನಂಥ ಕೆಲವು ಔಷಧಿಗಳನ್ನು ಟ್ರೈಕೋಡರ್ಮಾ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಕಾರ್ಬೆಂಡಾಜಿಮ್ ಅನ್ನು ತಡೆಯುವುದಿಲ್ಲ. ಈಗಾಗಲೇ ಔಷಧಿ ಲೇಪಿಸಿದ ಬಣ್ಣದ ಬೀಜ ಕೊಂಡಿದ್ದರೆ ಬೀಜಕ್ಕೆ ಪುಡಿ ಹಚ್ಚುವ ಶ್ರಮ ಬೇಡ, ಗೊಬ್ಬರದ ಮೂಲಕ ಮಣ್ಣಿಗೆ ಕೊಡುವುದಷ್ಟೇ ಸರಿ.

ಫಲಿತಾಂಶ ಹೇಗಿದೆ ಎಂದು ಕೇಳಿದರೆ, ಗೊಬ್ಬರದಲ್ಲಿ ಬೆಳೆಸಿ ಹಾಕಿದ ಪಟ್ಟಿಯಲ್ಲಿ ನೆಟೆಗೆ ಬಿದ್ದ ಗಿಡಗಳು ಹಾಕದ ಪಟ್ಟಿಗಿಂತ ಕಣ್ಣಿಗೆ ತೋರುವಷ್ಟು ಕಡಿಮೆ ಇದ್ದವು, ಪೂರ್ತಿ ನಿಂತಿರಲಿಲ್ಲ. ಬೀಜೋಪಚಾರ ಮಾತ್ರ ಮಾಡಿದ ಕಡೆ ಮೊಳಕೆಯ ಹಂತದಲ್ಲಿ ಸಾಯುವ ಸಸಿಗಳು ಕಡಿಮೆಯಾದವು, ಆದರೆ ಕಾಯಿಯ ಹಂತದ ನೆಟೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ಒಂದು ಹೊಲದ ಅನುಭವ, ಪ್ರಯೋಗವಲ್ಲ; ಗೊಬ್ಬರ ಬಿದ್ದದ್ದರಿಂದಲೇ ಸ್ವಲ್ಪ ಚೇತರಿಕೆ ಬಂದಿರಲೂಬಹುದು. ಬೇರಿನ ಮೊದಲ ಕೆಲವು ವಾರಗಳನ್ನು ಕಾಪಾಡುವ ಬೀಜದ ಲೇಪನ, ಅಡಿಗಳಷ್ಟು ಆಳಕ್ಕೆ ಇಳಿಯುವ ತೊಗರಿಯ ತಾಯಿಬೇರನ್ನು ಆರು ತಿಂಗಳ ಕಾಲ ಕಾಯಲಾರದು ಎಂಬುದು ಸಹಜವಾಗಿಯೇ ಇದೆ.

ಕೊಳ್ಳುವ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಇದು ಯೂರಿಯಾ ಚೀಲದಂತೆ ಮೂಲೆಯಲ್ಲಿ ಬಿದ್ದಿರಬಹುದಾದ ಸರಕಲ್ಲ. ಟಾಲ್ಕ್‌ನಲ್ಲಿರುವ ಕಣಗಳು ತಿಂಗಳು ಕಳೆದಂತೆ ಸಾಯುತ್ತಾ ಬರುತ್ತವೆ, ತಗಡಿನ ಮಾಡಿನ ಅಂಗಡಿಯಲ್ಲಿ ಕಲಬುರಗಿಯ ಮೇ ತಿಂಗಳ ಬಿಸಿಲು ಕಂಡ ಪೊಟ್ಟಣದಲ್ಲಿ ಇನ್ನೂ ಬೇಗ. ಅವಧಿ ಮುಗಿಯುವ ದಿನಾಂಕ ದೂರವಿದ್ದರೂ ತಯಾರಾದ ದಿನಾಂಕ ನಾಲ್ಕೈದು ತಿಂಗಳಿಗಿಂತ ಹಿಂದಿನದಾದರೆ ನಾನು ಕೊಳ್ಳುವುದಿಲ್ಲ. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಪ್ರತಿ ಗ್ರಾಮಿಗೆ ಎಷ್ಟು ಜೀವಂತ ಕಣ ಎಂಬ ವಿವರ ಇರಲೇಬೇಕು. ಟ್ರೈಕೋಡರ್ಮಾ 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ನೋಂದಣಿ ಸಂಖ್ಯೆಯಿಲ್ಲದೆ, ಬೆಳೆ ಟಾನಿಕ್ ಎಂದೋ ಸಾವಯವ ಶಕ್ತಿ ಎಂದೋ ಹೆಸರಿಟ್ಟುಕೊಂಡು ಒಳಗೆ ಟ್ರೈಕೋಡರ್ಮಾ ಇದೆ ಎಂದು ಬಾಯಲ್ಲಿ ಹೇಳಿ ಮಾರುವ ಡಬ್ಬಿಗಳನ್ನು ದೂರವಿಡುವುದು ಕ್ಷೇಮ. ಒಮ್ಮೆ ತಾಲ್ಲೂಕಿನ ಅಂಗಡಿಯೊಂದರಲ್ಲಿ ತಂದ ಪುಡಿ ಎರಡು ವಾರ ಗೊಬ್ಬರದಲ್ಲಿದ್ದರೂ ಒಂದು ಎಳೆಯನ್ನೂ ಬಿಡಲಿಲ್ಲ. ಅದೇ ಗುಡ್ಡೆಯ ಪಕ್ಕದಲ್ಲಿ ಕೃಷಿ ವಿಶ್ವವಿದ್ಯಾಲಯದ ಘಟಕದಿಂದ ತಂದ ಪುಡಿ ಹಸಿರೇರಿತ್ತು. ಅಂದಿನಿಂದ ವಿಶ್ವವಿದ್ಯಾಲಯದ ಅಥವಾ ಕೃಷಿ ವಿಜ್ಞಾನ ಕೇಂದ್ರದ ತಯಾರಿಕೆಗೆ ನನ್ನ ಮೊದಲ ಆದ್ಯತೆ. ಅಲ್ಲಿನ ತೊಂದರೆ ಎಂದರೆ ಬೇಕಾದಾಗ ದಾಸ್ತಾನು ಇರುವುದಿಲ್ಲ. ಮೇ ತಿಂಗಳಲ್ಲೇ ವಿಚಾರಿಸಿ ಹೇಳಿಟ್ಟರೆ ಮಾತ್ರ ಸಿಗುತ್ತದೆ.

ಈ ಪುಡಿಯನ್ನು ಬೇರೆ ಯಾವುದರೊಂದಿಗೆ ಹೋಲಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇನ್ನೊಂದು ಪುಡಿಯಲ್ಲ, ತಳಿ. ನೆಟೆಯ ವಿಷಯದಲ್ಲಿ ತೊಗರಿ ರೈತನಿಗೆ ಈವರೆಗೆ ಸಿಕ್ಕಿರುವ ಅತ್ಯಂತ ಪರಿಣಾಮಕಾರಿ ಸಾಧನ ನಿರೋಧಕ ತಳಿಯೇ. ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಬೇಕೆಂದೇ ರೋಗಪೀಡಿತವಾಗಿ ಇಟ್ಟುಕೊಂಡ ಹೊಲದಲ್ಲಿ ಸಾವಿರಾರು ತೊಗರಿ ಮಾದರಿಗಳನ್ನು ಬಿತ್ತಿ, ಬದುಕುಳಿದವನ್ನು ಆರಿಸಿತು. ಹಾಗೆ ಬಂದ ಐಸಿಪಿ 8863 ಎಂಬ ಸಾಲನ್ನು 1986ರಲ್ಲಿ ಮಾರುತಿ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆ ಮಾಡಲಾಯಿತು, ಅದು ಉತ್ತರ ಕರ್ನಾಟಕದ ಹೊಲಗಳನ್ನು ಬಹುಕಾಲ ಆಳಿತು. ಮಾರುತಿಗೆ ಒಂದು ದೌರ್ಬಲ್ಯವಿತ್ತು: ನೆಟೆಯನ್ನು ತಡೆಯುತ್ತಿದ್ದ ಆ ತಳಿ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತಿತ್ತು. ಅನಂತರ ಬಂದ ಆಶಾ ಮತ್ತು ಬಿಎಸ್‌ಎಮ್‌ಆರ್ 736 ಎರಡೂ ರೋಗಗಳನ್ನು ತಡೆಯುತ್ತವೆ, ಆದರೆ ಅವುಗಳ ಅವಧಿ ಹೆಚ್ಚು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ನೆಟೆಯನ್ನು ತಡೆದುಕೊಳ್ಳುವ, ಬೇಗ ಕೊಯ್ಲಿಗೆ ಬರುವ ತಳಿಯಾದ್ದರಿಂದ ಹಿಂಗಾರು ಮಳೆಯನ್ನು ನಂಬಲಾಗದ ಭಾಗಗಳಲ್ಲಿ ಜನಪ್ರಿಯವಾಯಿತು. ಯಾವ ತಳಿಯೂ ಶಾಶ್ವತವಲ್ಲ. ಫ್ಯುಸೇರಿಯಮ್ ಉಡಮ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆ, ಒಂದು ಊರಿನಲ್ಲಿ ನಿಂತ ತಳಿ ಇನ್ನೊಂದು ಊರಿನಲ್ಲಿ ಬೀಳಬಹುದು. ಮನೆಯ ಬೀಜವನ್ನೇ ವರ್ಷಾನುಗಟ್ಟಲೆ ಬಿತ್ತುತ್ತಾ ಬೆರಕೆಯಾದ ಟಿಎಸ್-3ಆರ್ ಅನ್ನು ಟಿಎಸ್-3ಆರ್ ಎಂದೇ ನಂಬಿ ಕೂರುವುದೂ ಸರಿಯಲ್ಲ. ನಿರೋಧಕ ತಳಿಯ ಹೊಲದಲ್ಲಿ ಟ್ರೈಕೋಡರ್ಮಾ ಕೊಡುವ ಲಾಭ ಸಣ್ಣದು ಆದರೆ ನಿಶ್ಚಿತ. ಬೆರಕೆ ಬೀಜದ, ರೋಗ ತುಂಬಿದ ಹೊಲದಲ್ಲಿ ಅದೊಂದನ್ನೇ ನಂಬಿದರೆ ಪುಡಿಯ ಮೇಲೆ ಹೊರಲಾರದ ಭಾರ ಹೊರಿಸಿದಂತಾಗುತ್ತದೆ.

ತಳಿಯ ನಂತರದ ಸ್ಥಾನ ಜೋಳದ್ದು, ಅದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ತೊಗರಿಯೊಂದಿಗೆ ಜೋಳವನ್ನು ಅಂತರಬೆಳೆಯಾಗಿ ಬಿತ್ತಿದ ಕಡೆ ನೆಟೆ ಕಡಿಮೆಯಾಗುತ್ತದೆ, ಒಂದು ವರ್ಷ ತೊಗರಿ ಬಿಟ್ಟು ಜೋಳ ಬೆಳೆದರೆ ಮುಂದಿನ ತೊಗರಿಯಲ್ಲೂ ಕಡಿಮೆಯಾಗುತ್ತದೆ ಎಂಬುದನ್ನು ಇಕ್ರಿಸ್ಯಾಟ್‌ನ ಪ್ರಯೋಗಗಳು ತೋರಿಸಿವೆ. ಹಿರಿಯರು ತೊಗರಿಯನ್ನು ಒಂಟಿಯಾಗಿ ಬಿತ್ತುತ್ತಿದ್ದುದು ಅಪರೂಪ. ಬೆಲೆ ಬಂದ ಮೇಲೆ ಬದುವಿನಿಂದ ಬದುವಿಗೆ ತೊಗರಿಯೇ ಆಯಿತು, ಅದೂ ವರ್ಷವೂ ಅದೇ ಹೊಲದಲ್ಲಿ. ಜೊತೆಗೆ ಈಗ ಕೊಯ್ಲಾದ ಕೂಡಲೇ ರೋಟವೇಟರ್ ಹೊಡೆದು ಕೂಳೆಯನ್ನು ಪುಡಿ ಮಾಡಿ ಮಣ್ಣಿಗೆ ಬೆರೆಸುವ ರೂಢಿ ಬಂದಿದೆ. ಆರೋಗ್ಯದ ಹೊಲದಲ್ಲಿ ಅದು ಒಳ್ಳೆಯದೇ, ಆದರೆ ನೆಟೆ ಬಿದ್ದ ತಾಣದಲ್ಲಿ ಅದು ರೋಗದ ತುಂಡುಗಳನ್ನು ಹೊಲದ ಉದ್ದಗಲಕ್ಕೆ ಹಂಚುವ ಕೆಲಸ. ಅಂಥ ತಾಣದ ಗಿಡಗಳನ್ನು ಬೇರುಸಹಿತ ಕಿತ್ತು, ಒಲೆಗೆ ಕಟ್ಟಿಗೆಯಾಗಿ ಉರಿಸಿದರೂ ಸರಿ, ಹೊಲದಿಂದ ಹೊರಗೆ ಸಾಗಿಸುವುದು ಉತ್ತಮ. ಮೇವು ಹಾಗೂ ರೋಗಪೀಡಿತ ಕಸ ಬಿದ್ದ ತಿಪ್ಪೆಯ ಅರೆಕಳಿತ ಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆಳೆಸಲು ಹೊರಟರೆ ಔಷಧಿ ಮತ್ತು ರೋಗ ಎರಡನ್ನೂ ಒಂದೇ ಬುಟ್ಟಿಯಲ್ಲಿ ಹೊಲಕ್ಕೆ ಹೊತ್ತಂತಾಗುತ್ತದೆ.

ಕಡಲೆ ಬೆಳೆಯುವವರಿಗೆ ಒಂದು ಮಾತು. ಹಿಂಗಾರಿನ ಕಡಲೆಗೆ ಬರುವ ಸೊರಗು ರೋಗವೂ ಫ್ಯುಸೇರಿಯಮ್‌ನದೇ, ಆದರೆ ಅದು ಆಕ್ಸಿಸ್ಪೋರಮ್ ಪ್ರಭೇದದ, ಕಡಲೆಗೇ ಮೀಸಲಾದ ಬಗೆ. ತೊಗರಿಯ ನೆಟೆ ಕಡಲೆಗೆ ತಗಲುವುದಿಲ್ಲ. ಆ ಪ್ರಭೇದದ ಇನ್ನೊಂದು ಬಗೆಯೇ ಬಾಳೆಯ ಪನಾಮಾ ಸೊರಗು ರೋಗವಾಗಿ ನಂಜನಗೂಡು ರಸಬಾಳೆಯ ತೋಟಗಳನ್ನು ಬಹುಪಾಲು ಅಳಿಸಿಹಾಕಿದ್ದು. ಕಡಲೆಯಲ್ಲಿ ಟ್ರೈಕೋಡರ್ಮಾ ಬೀಜೋಪಚಾರ ತೊಗರಿಗಿಂತ ಹೆಚ್ಚು ಫಲ ಕೊಟ್ಟಂತೆ ನನಗೆ ಕಂಡಿದೆ. ಅದರ ಅವಧಿ ಚಿಕ್ಕದು, ಸೊರಗು ಬೇಗ ಬರುವ ರೋಗ, ಹೀಗಾಗಿ ಬೀಜದ ಮೇಲಿನ ಲೇಪನಕ್ಕೆ ಕೆಲಸ ಮಾಡುವ ಅವಕಾಶ ಹೆಚ್ಚು ಎಂಬುದು ನನ್ನ ತರ್ಕ. ಪೊಟ್ಟಣದಲ್ಲಿ ಪುಡಿ ಉಳಿದರೆ ಅದನ್ನು ಮುಂದಿನ ಮುಂಗಾರಿಗೆ ಎತ್ತಿಡುವ ಬದಲು ಅಕ್ಟೋಬರ್‌ನಲ್ಲಿ ಕಡಲೆ ಬೀಜಕ್ಕೆ ಹಚ್ಚಿ ಮುಗಿಸುವುದು ಜಾಣತನ.

ಹಣದ ಲೆಕ್ಕ ಸರಳವಾಗಿದೆ. ಎಕರೆಗೆ ಪುಡಿ ಮತ್ತು ಬೇವಿನ ಹಿಂಡಿ ಸೇರಿ ಕೆಲವು ನೂರು ರೂಪಾಯಿ; ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದಲ್ಲಿ ಸಿಕ್ಕರೆ ಇನ್ನೂ ಕಡಿಮೆ. ನಿಜವಾದ ಖರ್ಚು ಕೊಟ್ಟಿಗೆ ಗೊಬ್ಬರ ಮತ್ತು ಅದನ್ನು ತಿರುವಿ, ಸಾಗಿಸಿ, ಸಾಲಿಗೆ ಹಾಕುವ ಆಳಿನದು. ಮನೆಯಲ್ಲಿ ದನವಿದ್ದು ಗೊಬ್ಬರ ಇರುವವರು, ಕಳೆದ ವರ್ಷ ಹೊಲದಲ್ಲಿ ನೆಟೆಯ ತಾಣಗಳನ್ನು ಕಂಡವರು, ನಿರೋಧಕ ತಳಿ ಬಿತ್ತಲು ತಯಾರಿರುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಅವರ ಮಟ್ಟಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಗೊಬ್ಬರವಿಲ್ಲದೆ ಒಣ ಪುಡಿ ಎರಚುವವರಿಗೆ ಎರಡು. ಹೂವಿನ ಹಂತದಲ್ಲಿ ಬಾಡಿದ ಗಿಡದ ಬುಡಕ್ಕೆ ಸುರಿಯಲೆಂದು ಕೊಳ್ಳುವವರಿಗೆ ಅಂಕವನ್ನೇ ಕೊಡಲಾರೆ, ಅವರು ಆ ಹಣದಲ್ಲಿ ನೆಟೆಯ ತಾಣಗಳಿಗೆ ಗೂಟ ನೆಟ್ಟು ಗುರುತು ಹಾಕಿಸಿ, ಮುಂದಿನ ವರ್ಷ ಅಲ್ಲಿ ಜೋಳ ಬಿತ್ತಲಿ. ಕೊಳ್ಳುವವರು ಬಿಲ್ಲಿನ ಮೇಲೆ ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ, ಪೊಟ್ಟಣ ಹರಿದ ಮೇಲೂ ಅದರ ಚೀಟಿಯನ್ನು ಕೊಯ್ಲಿನವರೆಗೆ ಇಟ್ಟುಕೊಳ್ಳಿ. ಗುಡ್ಡೆಯಲ್ಲಿ ಹಸಿರು ಬಾರದಿದ್ದರೆ ಕೃಷಿ ಅಧಿಕಾರಿಗೆ ದೂರು ಕೊಡಲು ಆ ಎರಡು ಕಾಗದಗಳಿಲ್ಲದೆ ಆಗುವುದಿಲ್ಲ.